ಕುಂಕುಮ ಹಚ್ಚಿದ ಬೀಗ

ಆ ಆಯುಧಪೂಜೆಯ ದಿನ ಶೆಡ್ಡಿಗೆ ಬೀಗ ಹಾಕಬೇಕಾದವಳು ನಾನು. ಹಾಕಲಿಲ್ಲ. ಹಾಕಿದ್ದೆ ಎಂದು ಅಣ್ಣನಿಗೆ ಹೇಳಿದೆ.

ಮಧುಗಿರಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಆ ಶೆಡ್ಡಿದೆ. ಕಾರು ನಿಲ್ಲಿಸಲೆಂದು ಅಪ್ಪ ಕಟ್ಟಿಸಿದ್ದು. ಕಾರು ಬರಲೇ ಇಲ್ಲ. ಅಣ್ಣ ಅಲ್ಲಿ ಬೈಕು, ಬೋರ್‌ವೆಲ್ ಮೋಟಾರು ರಿಪೇರಿಯ ಸಾಮಾನು ಇಟ್ಟುಕೊಂಡಿದ್ದಾನೆ. ಪಕ್ಕದ ಮನೆಯ ಮಾವ ತಮ್ಮ ಮೊಪೆಡ್ಡನ್ನೂ ಅಲ್ಲೇ ನಿಲ್ಲಿಸುತ್ತಿದ್ದರು. ಕಂಡಕ್ಟರ್ ಕೆಲಸದಿಂದ ನಿವೃತ್ತರಾದವರು. ನೆಂಟರಲ್ಲ, ಆದರೂ ಚಿಕ್ಕಂದಿನಿಂದ ನಮಗೆ ಮಾವ. ಬೀಗದ ಒಂದು ಕೀ ನಮ್ಮ ಮನೆಯ ಮೊಳೆಗೆ ನೇತಾಡುತ್ತಿತ್ತು, ಇನ್ನೊಂದು ಅವರ ಉಡಿದಾರದಲ್ಲಿ.

ಕಬ್ಬಿಣದ್ದೆಲ್ಲ ಆಯುಧವೇ ಎಂದು ಸ್ಪ್ಯಾನರುಗಳ ಜೊತೆ ಬೀಗವನ್ನೂ ನಡುಮನೆಯಲ್ಲಿ ಪೂಜೆಗಿಟ್ಟಿದ್ದೆವು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ಅಣ್ಣ ಸಿರಾದ ಸ್ನೇಹಿತನ ಮನೆಯಲ್ಲಿ ಊಟ ಮಾಡಿ ರಾತ್ರಿ ಅಲ್ಲೇ ಉಳಿಯಲು ಹೊರಟಾಗ ಹೇಳಿದ್ದ: "ಕತ್ಲಾಗೊ ಹೊತ್ಗೆ ಬೀಗ ತಗಂಡು ಹಾಕ್ಬುಡು. ದೇವ್ರು ಏನೂ ಅನ್ಕಳಲ್ಲ."

ಕೈ ಚಾಚಿದೆ. ಕುಂಕುಮ ಇನ್ನೂ ಹಸಿಯಾಗಿತ್ತು. ಅಮ್ಮ ಬದುಕಿದ್ದಾಗ ಮುಟ್ಟಬೇಡ ಎನ್ನುತ್ತಿದ್ದುದು ನೆನಪಾಗಿ ಕೈ ಹಿಂದಕ್ಕೆ ಬಂತು. ಶೆಡ್ಡಿನ ಮುಂದೆ ದೃಷ್ಟಿ ತೆಗೆದು ಬೂದುಗುಂಬಳ ಒಡೆದಿದ್ದೆವು. ಅದನ್ನು ದಾಟಿ ಕಳ್ಳನೂ ಬರಲಾರ ಎಂದು ನಿಜವಾಗಿಯೂ ನಂಬಿ, ಶಟರ್ ಎಳೆದು ಸುಮ್ಮನಾದೆ.

ಬೆಳಿಗ್ಗೆ ಶಟರ್ ಅರ್ಧ ಮೇಲಿತ್ತು. ಕುಂಬಳದ ಹೋಳುಗಳನ್ನು ಯಾರೋ ಕಾಲಲ್ಲಿ ಪಕ್ಕಕ್ಕೆ ಸರಿಸಿದ್ದರು. ಡ್ರಿಲ್ಲಿಂಗ್ ಮಷೀನು, ತಾಮ್ರದ ತಂತಿ ಹೋಗಿದ್ದವು. ಅಣ್ಣ ಬರುವ ಮೊದಲು ನಾನು ಮಾಡಿದ್ದು ಒಂದೇ ಕೆಲಸ. ಬೀಗವನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿ ಇಟ್ಟೆ.

"ಒಡ್ದಿದ್ರೆ ಬೀಗ ಇಲ್ಲೇ ಬಿದ್ದಿರೋದು," ಎಂದ ಅಣ್ಣ. "ಯಾರೋ ಕೀ ಹಾಕಿ ತೆಗ್ದವ್ರೆ."

ಇನ್ನೊಂದು ಕೀ ಯಾರ ಬಳಿ ಇತ್ತೋ ಅವರ ಮೊಪೆಡ್ ಅವತ್ತು ಶೆಡ್ಡಿನಲ್ಲಿರಲಿಲ್ಲ. ಮಾವ ಹಬ್ಬಕ್ಕೆ ಕೊರಟಗೆರೆಯ ಮಗಳ ಮನೆಗೆ ಅದರಲ್ಲೇ ಹೋಗಿದ್ದರು. ಅವರು ವಾಪಸ್ ಬಂದ ದಿನ ಅಣ್ಣ ಕೀ ವಾಪಸ್ ಕೇಳಿದ, ಅಷ್ಟೇ. ಅವರಿಗೆ ಅರ್ಥವಾಯಿತು.

"ತಗಳಪ್ಪ," ಎಂದು ಉಡಿದಾರದಿಂದ ಕೀ ಬಿಚ್ಚಿಕೊಟ್ಟರು. "ನನ್ ಗಾಡಿ ಇನ್ ಆಚೆನೇ ಇರ್ಲಿ ಬುಡು. ಅದ್ನ ಕದ್ರೆ ಕಳ್ಳನ್ ಮಾನ ಹೋಯ್ತದೆ."

ನಕ್ಕರು. ನಾವು ನಗಲಿಲ್ಲ. ಅಂದಿನಿಂದ ಅವರು ಕಾಫಿಗೆ ಬರುವುದು ನಿಂತಿತು.

ಅಣ್ಣ ಶೆಡ್ಡನ್ನು ಕೋಟೆ ಮಾಡಿದ. ಶಟರಿನ ಎರಡೂ ಬದಿಗೆ ಬೀಗ, ಕಿಟಕಿಗೆ ಕಬ್ಬಿಣದ ಸರಳು, ಯಾರಾದರೂ ಹತ್ತಿರ ಬಂದರೆ ತಾನೇ ಹತ್ತಿಕೊಳ್ಳುವ ಲೈಟು, ಆಮೇಲೆ ಕ್ಯಾಮೆರಾ. ಹೊರಗೆ ಕಾಣದಂತೆ ಸಾಮಾನನ್ನು ಬೀರುವಿನೊಳಗೆ ಸೇರಿಸಿದ. ಎಲ್ಲವೂ ಮಾಡಬೇಕಾದದ್ದೇ. ಆದರೆ ಒಂದೊಂದು ಬೀಗ ಬಂದಾಗಲೂ ಟ್ರಂಕಿನೊಳಗಿನ ಬೀಗ ನನಗೆ ಭಾರವಾಯಿತು. ಮಾವನ ಮೊಪೆಡ್ ಗೋಣಿಚೀಲ ಹೊದ್ದು ಬಿಸಿಲಲ್ಲಿ ನಿಂತಿರುತ್ತಿತ್ತು. ಸೀಟು ಬಿರಿದದ್ದನ್ನು ದಿನವೂ ನೋಡುತ್ತಿದ್ದೆ. ನಾನು ಓದಿದ್ದು ಆರನೇ ಕ್ಲಾಸು. ಆದರೆ ಬೀಗ ಹಾಕಿರಲಿಲ್ಲ ಎಂದು ಹೇಳುವುದಕ್ಕೆ ಓದು ಬೇಕಿರಲಿಲ್ಲ.

ಮತ್ತೆ ಆಯುಧಪೂಜೆ ಬಂತು. "ಈ ಸಲ ಬೀಗ ಒಳಕ್ಕೆ ತರ್ಬ್ಯಾಡ, ಅಲ್ಲೇ ಕುಂಕುಮ ಹಚ್ಚು," ಎಂದ ಅಣ್ಣ. ನಾನು ಟ್ರಂಕು ತೆಗೆದು ಹಳೆಯ ಬೀಗ ತಂದು ಸ್ಪ್ಯಾನರುಗಳ ನಡುವೆ ಇಟ್ಟೆ. ಹೋದ ವರ್ಷದ ಕುಂಕುಮ ಒಣಗಿ ಕಪ್ಪಾಗಿತ್ತು.

ಅಣ್ಣ ಬೀಗ ನೋಡಿದ, ನನ್ನನ್ನು ನೋಡಿದ.

"ಆವತ್ತು ಹಾಕಿರ್ಲಿಲ್ಲ ಕಣಣ್ಣ. ಸುಳ್ಳೇಳ್ದೆ."

ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದು, ಇನ್ನೊಂದರಿಂದ ಅವನು ಆ ಬೀಗವನ್ನು ತಿರುಗಿಸಿ ನೋಡಿದ. ಆಮೇಲೆ, "ನಂಗೇಳಿ ಏನ್ ಬಂತು? ಅಲ್ಲೋಗೇಳು," ಎಂದು ಪಕ್ಕದ ಮನೆಯ ಕಡೆ ಗದ್ದದಿಂದಲೇ ತೋರಿಸಿದ. ನಾನು ಹೊರಟಾಗ ತಟ್ಟೆ ಕೆಳಗಿಟ್ಟು ಅವನೂ ಹಿಂದೆ ಬಂದ.

ಮಾವ ಮೊಪೆಡ್ಡಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಬೀಗ ನನ್ನ ಕೈಯಲ್ಲೇ ಇತ್ತು. ಪೂಜೆಗಿಟ್ಟದ್ದನ್ನು ಎತ್ತಿ ತಂದಿದ್ದೇನೆ ಎಂಬುದು ಆಗಷ್ಟೇ ಗಮನಕ್ಕೆ ಬಂತು.

"ಮಾವ, ನಿಮ್ ಕೀಯಿಂದ ಏನೂ ಆಗಿರ್ಲಿಲ್ಲ. ನಾನೇ ಬೀಗ ಹಾಕಿರ್ಲಿಲ್ಲ. ಒಂದ್ ವರ್ಷ ನಿಮ್ಮನ್ನ ಬಿಸಿಲಲ್ಲಿ ನಿಲ್ಸ್ಬುಟ್ಟೆ. ತಪ್ಪಾಯ್ತು ಮಾವ."