ಡೇಟಾಬೇಸ್ ಬದಲಿಸುವ ಎರ್ಮೆಕ್
ಓಶ್ ಪಟ್ಟಣದಲ್ಲಿ ನಮ್ಮ ಮಹಡಿಯ ಬಾಡಿಗೆದಾರ ಎರ್ಮೆಕ್‌ಗೆ ಯಾರ ಫೋನ್ ಕಂಡರೂ ಕೈ ತುರಿಸುತ್ತದೆ. “ಹೆಸರು, ದನಿ ಎಲ್ಲಾ ಜೋಡಿಸಿಡೋ ಡೇಟಾಬೇಸ್ ಇದೆಯಲ್ಲ ಆಪಾ, ಕಂಪನಿಯದು ಬರೀ ಹಳೇ ಕಣಜ. ತೆಗೆದು ನನ್ನದು ಕೂರಿಸ್ತೀನಿ” ಅನ್ನುತ್ತಾನೆ, ಹಿರಿಯಳೆಂದು ನನ್ನನ್ನು ಆಪಾ ಎಂದು ಕರೆಯುವವನು. ಮದುವೆಗೆ ಹೋದರೆ ಊಟಕ್ಕೆ ಮೊದಲು ಮದುಮಗನ ಫೋನ್ ಕೇಳುತ್ತಾನೆ. ರೊಟ್ಟಿ ಮಾರುವ ಸಾಲಿಯಾ, “ನಿನ್ನ ಹೆಂಡತಿ ಫೋನಿಗೂ ಕೈ ಹಾಕಿದ್ದೆ, ಅದಕ್ಕೇ ತವರಿಗೆ ಓಡಿದಳು ಕಣೋ” ಎಂದು ಹಂಗಿಸಿದರೆ, ನಗುತ್ತಾ ಅವಳ ಫೋನಿಗೂ ಕೈಚಾಚುತ್ತಾನೆ. ಒಂದು ದಿನ ನನ್ನ ಫೋನೂ ಕೈಗೆತ್ತಿಕೊಂಡ. ಅದರಲ್ಲಿ ತೀರಿಹೋದ ನಮ್ಮವರ ದನಿ ಇತ್ತು, ಹೆಸರಿಲ್ಲದೆ. “ಹೆಸರಿಲ್ಲದ್ದನ್ನ ನನ್ನ ಡೇಟಾಬೇಸ್ ಇಟ್ಕೊಳ್ಳಲ್ಲ, ಅಳಿಸಿಹೋಗುತ್ತೆ. ಅವರ ಹೆಸರು ಹೇಳಿ” ಅಂದ. ಗಂಡನ ಹೆಸರನ್ನು ನಮ್ಮಲ್ಲಿ ಯಾವ ಹೆಂಡತಿ ಹೇಳಿಯಾಳು? ಹೆಸರು ಹೇಳದೆ ಅವನ ಮುಂದೆ ಚಹಾ ಇಟ್ಟೆ. ತಾನು ಬರೆದದ್ದನ್ನು ಯಾರಿಗಾಗಿಯೂ ತಿದ್ದದವನು, ಚಹಾ ಆರಲು ಬಿಟ್ಟು ತನ್ನ ಡೇಟಾಬೇಸನ್ನೇ ತಿದ್ದತೊಡಗಿದ. “ನಮ್ಮಮ್ಮನೂ ಹೇಳ್ತಿರಲಿಲ್ಲ ಆಪಾ” ಎನ್ನುತ್ತಾ, ಹೆಸರಿನ ಜಾಗ ಖಾಲಿಯೇ ಬಿಟ್ಟು ನಮ್ಮವರನ್ನು ಒಳಗೆ ಸೇರಿಸಿಕೊಂಡ.