ಅಕ್ಕನ ಬ್ಯಾಲೆಯ ಕೊನೆಯ ದೃಶ್ಯ

ಅಕ್ಕ ಕರೆದಾಗ ನಾನು ಹೋಗಲಿಲ್ಲ.

ಇವತ್ತು ಬೆಳಿಗ್ಗೆ ದುಖಾನಿನಲ್ಲಿರುವ ನಮ್ಮ ಕಂಪನಿಯ ಕ್ಯಾಂಪಿನ ಕೋಣೆಯಲ್ಲಿ ಪಕ್ಕದ ಹಾಸಿಗೆಯವನು ಮೊಣಕಾಲಿಗೆ ಕರ್ಪೂರದ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆಗೆ ದೋಹಾದ ಅಬು ಹಮೂರಿನಲ್ಲಿ ಅಕ್ಕ ನೃತ್ಯಪಾಠ ಮಾಡುತ್ತಿದ್ದ ಹಾಲ್ ಕಣ್ಣಮುಂದೆ ಬಂತು. ಹುಡುಗಿಯರು ಬರುವ ಮೊದಲು ಅವಳು ಗೋಡೆಗೆ ಒರಗಿ ಕೂತು ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು...

ಇಲ್ಲಿಯ ಕರಾವಳಿಯವರ ಮಕ್ಕಳಿಗೆ ಬ್ಯಾಲೆ ಅಂದರೆ ಅಕ್ಕ ಕಟ್ಟಿದ್ದೇ. ಅವಳಿಗಿಂತ ಮುಂಚೆ ಸಂಘದ ಕಾರ್ಯಕ್ರಮಗಳಲ್ಲಿ ಸಿನಿಮಾ ಹಾಡಿಗೆ ಕುಣಿಸಿ ಮುಗಿಸುತ್ತಿದ್ದರು. ಅವಳು ಬಲೆ ಎಳೆಯುವುದನ್ನು, ಮೀನಿನ ಬುಟ್ಟಿ ಹೊತ್ತು ಮರಳಲ್ಲಿ ನಡೆಯುವುದನ್ನು ಕಲಿಸಿ, ಅದರಿಂದಲೇ ಕಥೆ ಹೆಣೆದಳು. ಅವಳ ಶಿಷ್ಯೆಯರು ಈಗ ನಗರದ ಆಚೆ ಬದಿಯ ಅಲ್ ಗರಾಫಾದಲ್ಲೂ ಪಾಠ ಮಾಡುತ್ತಾರೆ.

ಅವಳು ಹೆಜ್ಜೆ ಕಟ್ಟುವಾಗ ತಾಳ ನನ್ನದೇ ಆಗಬೇಕಿತ್ತು. ಶಾಲೆ ನನಗೆ ಹತ್ತಲಿಲ್ಲ, ತಾಳ ಹತ್ತಿತು. ಚಿಕ್ಕಂದಿನಲ್ಲಿ ಊರ ಮನೆಯ ಜಗಲಿಯಲ್ಲಿ ನಾನು ಕೋಲಿನಿಂದ ಮಣೆ ತಟ್ಟುತ್ತಿದ್ದೆ, ಅವಳು ಹೆಜ್ಜೆ ಹುಡುಕುತ್ತಿದ್ದಳು. ಇಲ್ಲಿಗೆ ಬಂದ ಮೇಲೂ ಹಾಗೆಯೇ. ಬ್ಯಾಲೆ ಕಟ್ಟಿ ಮುಗಿಯುವವರೆಗೆ ಅವಳು ಮೊಬೈಲಿನಲ್ಲಿ ವಿಡಿಯೊ ಹಿಡಿಯಲು ಯಾರಿಗೂ ಬಿಡುತ್ತಿರಲಿಲ್ಲ. ಶುಕ್ರವಾರ ನಾನು ಕಂಪನಿಯ ಬಸ್ಸು ಹತ್ತಿ ದೋಹಾಕ್ಕೆ ಹೊರಟರೆ ಕೋಣೆಯವರಿಗೆ ತಮಾಷೆ.

"ಹೊರಟಿತು ಅಕ್ಕನ ಬ್ಯಾಂಡ್‌ಸೆಟ್ಟು. ಯಲ್ಲಾ, ಬೇಗ ನಡಿ, ಗೆಜ್ಜೆ ಮರೀಬೇಡ ಮಾರಾಯ."

ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ನಾಚಿಕೆಯಾಗತೊಡಗಿತು. ಒಂದು ವಾರ ತಪ್ಪಿಸಿದೆ, ಮತ್ತೊಂದು ವಾರ...

ಕೊನೆಯ ಬ್ಯಾಲೆ, ಗಂಡನ ದೋಣಿಗಾಗಿ ಕಡಲ ದಡದಲ್ಲಿ ಕಾಯುವ ಹೆಂಗಸಿನದು. ದೋಣಿ ಬರುತ್ತದೋ ಇಲ್ಲವೋ ಎಂಬುದು ಅಕ್ಕನಿಗೇ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಹಾಸಿಗೆ ಹಿಡಿದಳು. ಅಲ್ಲಿಂದಲೇ ಫೋನ್ ಮಾಡಿದಳು.

"ಕೊನೆ ಹೊಳೀತು ಮಾರಾಯ. ಕಾಲು ಬರುದಿಲ್ಲ, ಕೈಯಲ್ಲೇ ತೋರಿಸ್ತೇನೆ. ನೀನು ಬಂದು ತಾಳ ಹಾಕು."

"ಬಾಯಲ್ಲಿ ಹೇಳಿಬಿಡು ಅಕ್ಕ, ಹುಡುಗಿಯರು ಕಲೀತಾರೆ."

"ಬಾಯಲ್ಲಿ ಹೇಳ್ಲಿಕ್ಕೆ ಅದೆಂತ ಸಾರು ಮಾಡುವ ಕ್ರಮವಾ? ನಿನ್ನ ತಾಳ ಇಲ್ಲದೆ ನನ್ನ ಕೈ ಏಳುದಿಲ್ಲ."

ಶುಕ್ರವಾರ ಬರುತ್ತೇನೆ ಅಂದೆ. ಆ ಶುಕ್ರವಾರ ಬಸ್ಸು ಹೊರಟ ಸದ್ದು ಕೇಳಿಸಿತು. ಹೊದಿಕೆ ಎಳೆದುಕೊಂಡೆ. ವಾರ ಮುಗಿಯುವುದರೊಳಗೆ ಅಕ್ಕ ಹೋದಳು.

ಮೊನ್ನೆಯ ರಜೆಯ ದಿನ ಹುಡುಗಿಯರು ನನ್ನನ್ನು ಹಾಲಿಗೆ ಕರೆಸಿದ್ದರು. ಅವಳ ನೆನಪಿಗೆ ಅದೇ ಬ್ಯಾಲೆ ಆಡಬೇಕಂತೆ. ಅಭ್ಯಾಸ ಕಾಯುವ ದೃಶ್ಯದವರೆಗೆ ಚೆನ್ನಾಗಿಯೇ ಬಂತು. ಆಮೇಲೆ ನನ್ನ ತಾಳ ನಡೆಯುತ್ತಿದ್ದರೂ ಅವರು ಒಬ್ಬೊಬ್ಬರಾಗಿ ನಿಂತುಬಿಟ್ಟರು.

"ಅಂಕಲ್, ಬೋಟ್ ಬರ್ತದಾ ಇಲ್ವಾ?" ದೊಡ್ಡ ಹುಡುಗಿ ಕೇಳಿದಳು. "ಟೀಚರ್ ನಿಮ್ಗೆ ಹೇಳಿರ್ತಾರಲ್ಲ."

ಬರುತ್ತದೆ ಅಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರೇ ಏನಾದರೂ ಸೇರಿಸಿ ಮುಗಿಸುತ್ತಾರೆ, ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ಆದರೆ ಅದು ಅಕ್ಕನದಲ್ಲ. ಅವಳದು ಇನ್ನು ಸಿಗುವುದಿಲ್ಲ...

ಕೋಲು ಕೆಳಗಿಟ್ಟೆ.

"ನಂಗೆ ಗೊತ್ತಿಲ್ಲ ಮಕ್ಕಳೇ. ತೋರಿಸ್ತೇನೆ ಬಾ ಅಂತ ಅಕ್ಕ ಕರೆದಿದ್ಳು. ನಾನು ಹೋಗ್ಲಿಲ್ಲ, ಮಲಗಿದ್ದೆ. ತಪ್ಪಾಯ್ತು."