ಓಡದ ಸೈಕಲ್ಲಿನ ಆಯ್ಕೆ

ಓಡುವ ಸೈಕಲ್ಲನ್ನು ಕೊಳ್ಳುವುದಕ್ಕಿಂತ ಓಡದ ಸೈಕಲ್ಲನ್ನು ಆರಿಸುವುದು ಹೆಚ್ಚು ದಣಿವಿನ ಕೆಲಸ. ಓಡುವುದರ ಗುಣದೋಷಗಳನ್ನು ದಾರಿಯೇ ಹೇಳಿಬಿಡುತ್ತದೆ. ಓಡದ್ದಕ್ಕೆ ಸಾಕ್ಷಿ ನುಡಿಯುವವರು ಯಾರು?

ಕೋಲಾರದಿಂದ ಹುತ್ತೂರಿಗೆ ಸೈಕಲ್ ತುಳಿದು, ರೇಷ್ಮೆಹುಳು ಸಾಕುವವರಿಗೆ ಅಕ್ಷರ ಕಲಿಸುವುದು ನನ್ನ ವ್ರತ. ಆ ಧನುರ್ಮಾಸದಲ್ಲಿ ನನ್ನ ಎದೆಗೆ ಶೀತ ಹಿಡಿಯಿತು. ಮಂಜು ಕಳೆಯುವವರೆಗೆ ಸೈಕಲ್ ಸವಾರಿ ಕೂಡದೆಂದು ವೈದ್ಯರು ವಿಧಿಸಿದರು. ಹುತ್ತೂರಿನ ಆ ಶಾಲೆಯಲ್ಲಿ ಆಗಲೇ ಹಾಜರಿ ಕರಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ನನ್ನ ಕಾಲುಗಳೂ ಸೋತರೆ ಅದು ಮುಚ್ಚಿದಂತೆಯೇ. ಮಂಜು ಕಳೆಯುವವರೆಗೆ ಮನೆಯೊಳಗೇ ತುಳಿಯುವ ಅಭ್ಯಾಸ ಮಾಡಲು ನಿಶ್ಚಯಿಸಿದೆ.

ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನಿಗೆ ಯಾವ ವಸ್ತುವನ್ನೂ ಸುಮ್ಮನೆ ಕೊಳ್ಳಲು ಬರುವುದಿಲ್ಲ. ಮದರಾಸಿನ ಕ್ಯಾಟಲಾಗಿನಲ್ಲಿ, ನಿಂತಲ್ಲೇ ತುಳಿಯುವ ಒಂಟಿಗಾಲಿಯ ವಿಲಾಯಿತಿ ಯಂತ್ರವೊಂದಿತ್ತು. ಅದರ ಪರವಾಗಿ ನಾನೇ ವಾದಿಸಿದೆ, ವಿರೋಧವಾಗಿಯೂ ನಾನೇ. ತೀರ್ಪು ಕೊಡುವ ಹೊತ್ತಿಗೆ ಅಧ್ಯಕ್ಷನಾದ ನನಗೆ ಆಕಳಿಕೆ ಬಂದಿತ್ತು. ಕೊನೆಗೆ ಚಿತ್ರವನ್ನು ಸೈಕಲ್ ಷಾಪಿನ ಬಾಷಾ ಸಾಬರಿಗೆ ತೋರಿಸಿದೆ.

“ಇದ್ರಲ್ಲಿ ಚೂರಿ ಸಾಣೆ ಹಿಡೀಬೋದು ಸ್ವಾಮಿ,” ಎಂದರು. “ನಿಮ್ಮ ಸೈಕಲ್ಲೇ ಸ್ಟ್ಯಾಂಡಿಗೆ ಎತ್ತಿ ನಿಲ್ಸಿ, ಹಿಂದಿನ ಗಾಲಿ ನೆಲ ಮುಟ್ಟಬಾರ್ದು. ಬ್ರೇಕ್ ಸ್ವಲ್ಪ ಬಿಗಿ ಮಾಡ್ಕೊಡ್ತೀನಿ, ಏರು ಹತ್ತಿದಂಗಿರ್ತದೆ.”

ಹಾಗೆಯೇ ಪಡಸಾಲೆಯಲ್ಲಿ ತುಳಿಯತೊಡಗಿದೆ. ಸಮಾಜವನ್ನು ಮುಂದಕ್ಕೆ ಒಯ್ಯುವ ಭಾಷಣಗಳನ್ನು ಬಹಳ ಮಾಡಿದ್ದವನಿಗೆ, ಗೋಡೆಯೆದುರು ಬೆವರುವುದು ಹೊಸ ಅನುಭವವೇನೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಹುತ್ತೂರಿನ ನನ್ನ ವಿದ್ಯಾರ್ಥಿನಿ ಮುನಿಯಮ್ಮನವರು, ಸಂತೆಗೆ ಬಂದವರು, ಬಾಗಿಲಲ್ಲಿ ನಿಂತು ನೋಡಿದರು.

“ಯಾವೂರಿಗೆ ಹೊರಟ್ರಿ ಮೇಷ್ಟ್ರೇ?”

“ನಿಮ್ಮೂರಿಗೇ ಕಣಮ್ಮ.”

“ನೀವು ಬರೋಷ್ಟ್ರಲ್ಲಿ ನನ್ನ ಮೊಮ್ಮಕ್ಕಳು ಬಿ.ಎ. ಮಾಡಿರ್ತಾರೆ.”

ನಗಲು ಉಸಿರಿರಲಿಲ್ಲ. ಪಾಠದಲ್ಲಿ ಎಲ್ಲರೂ ತೂಕಡಿಸುವುದೇಕೆ, ನಿಮಗೆ ಅಕ್ಷರ ಬೇಡವೇ ಎಂದು ಬೇಸರದಿಂದಲೇ ಕೇಳಿದೆ.

“ಬೇಕು ಸ್ವಾಮಿ. ಹುಳ ಮೇಯೋವಾಗ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕಲ್ಲ, ಕಣ್ಣು ಎಲ್ಲಿ ನಿಲ್ತದೆ? ಹುಳ ಜ್ವರಕ್ಕೆ ಕೂತಾಗ ಬನ್ನಿ.”

ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಮಲಗುವುದನ್ನು ಅವರು ಜ್ವರವೆನ್ನುತ್ತಾರೆ. ಸಾಕುವವರಿಗೆ ಆಗಲೇ ಬಿಡುವು. ಸೋಮವಾರ, ಗುರುವಾರವೆಂದು ಪಾಠ ಗೊತ್ತುಮಾಡಿದ್ದ ನಾನು ಹುಳುವಿನ ಅಭಿಪ್ರಾಯ ಕೇಳಿರಲಿಲ್ಲ.

“ಮೊದಲೇ ಹೇಳಬಾರದಿತ್ತೇ ಅಮ್ಮ?”

“ಅಷ್ಟು ದೂರ ತುಳ್ಕೊಂಡು ಬರ್ತೀರಿ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ನಾಡಿದ್ದು ಕೂತ್ಕೋತವೆ. ಕಮಾನು ಗಾಡಿ ಕಳಿಸ್ತೀವಿ, ಚಳಿ ತಾಕಲ್ಲ.”

ಗಾಡಿಯಲ್ಲೇ ಹೋದೆ. ಅಂದು ಪಾಠ ನಡೆಯುವ ಚಾವಡಿ ತುಂಬಿತ್ತು. ಸ್ಲೇಟಿನ ಮೇಲೆ ಬಳಪ ಓಡುವ ಸದ್ದೊಂದೇ ಕೇಳುತ್ತಿತ್ತು. ಹಿಂದಿರುಗುವಾಗ ಕಂಬಳಿ ಹೊದ್ದು ನಾನು ನಿದ್ದೆ ಹೋದೆ. ಎತ್ತುಗಳು ನನ್ನ ಸಹಾಯವಿಲ್ಲದೆಯೇ ಕೋಲಾರ ತಲುಪಿದವು.